ಶಾಸಕರ ಮನೆ ಎದುರಿನ ತುತ್ತೂಟದ ಹೋಟೆಲು

ನಮ್ಮ ಯಜಮಾನರು ಶಾಸಕರಾದ ಕಥೆಯನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅವರ ಹುಟ್ಟುಹಬ್ಬದ ಫ್ಲೆಕ್ಸ್ ಓದಿದರಂತೂ, ತೊಟ್ಟಿಲಲ್ಲಿ ಮಲಗಿದ್ದಾಗಲೇ ಅವರು ಜನಸೇವೆ ಶುರು ಮಾಡಿದ್ದರು ಅನ್ನಿಸುತ್ತದೆ. ನಾನು ಅವರ ಹೆಂಡತಿ ಚಿಕ್ಕತಾಯಿ. ಅವರಿಗೆ ಅಡುಗೆ ಮಾಡಿ ಬಡಿಸುವವಳು ನಾನು, ಸದ್ಯಕ್ಕೆ ತುತ್ತು ಮಾಡಿ ಬಾಯಿಗೆ ಇಡುತ್ತಿರುವವಳೂ ನಾನೇ. ಅದು ಯಾಕೆ ಅನ್ನುವುದು ಕೊನೆಗೆ ತಿಳಿಯುತ್ತದೆ. ಫ್ಲೆಕ್ಸಿನ ಮಾತು ಅಷ್ಟೊಂದು ಕೇಳಿದ್ದೀರಿ, ಹೆಂಡತಿಯ ಮಾತನ್ನೂ ಸ್ವಲ್ಪ ಕೇಳಿ.

ನಮ್ಮೂರಲ್ಲಿ ಏನನ್ನಾದರೂ ಬೇಡಿ ಕೈ ಮುಗಿದರೆ ಎರಡೂ ಕೈ ಅಂಟಿಕೊಳ್ಳುತ್ತವೆ. ಯಾರ ಮುಂದೆ ಮುಗಿದೆವೋ ಅವರು ಹೌದು ಅಥವಾ ಇಲ್ಲ ಅನ್ನುವವರೆಗೆ ಬಿಡುವುದಿಲ್ಲ. ಇಲ್ಲ ಅಂದರೆ ತಕ್ಷಣ ಬಿಟ್ಟುಕೊಳ್ಳುತ್ತವೆ. ಹೌದು ಅಂದರೂ ಬಿಡುತ್ತವೆ, ಆದರೆ ಅದು ಮನಸಾರೆ ಅಂದ ಹೌದಾಗಿರಬೇಕು. ಸುಳ್ಳು ಹೌದು ಕೈಗಳಿಗೆ ಗೊತ್ತಾಗುತ್ತದೆ. ಹರಳೆಣ್ಣೆ, ಸೀಗೆಪುಡಿ, ಬಿಸಿನೀರು ಎಲ್ಲವನ್ನೂ ನಮ್ಮ ಹಿರಿಯರು ಹಾಕಿ ನೋಡಿ ಸುಸ್ತಾಗಿ ಬಿಟ್ಟಿದ್ದಾರೆ.

ಹಾಗಾಗಿ ನಾವು ಸುಮ್ಮಸುಮ್ಮನೆ ಕೈ ಮುಗಿಯುವವರಲ್ಲ. ಎದುರಿಗೆ ಸಿಕ್ಕವರಿಗೆ ಗದ್ದ ಮೇಲಕ್ಕೆತ್ತಿ ನಗುತ್ತೇವೆ, ಅಷ್ಟೇ. ಗುಡಿಗೆ ಹೋದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇವೆ. ಭಕ್ತಿ ಇಲ್ಲವೆಂದಲ್ಲ, ದೇವರು ಬೇಗ ಉತ್ತರ ಕೊಡುವ ಪೈಕಿ ಅಲ್ಲ. ಮದುವೆಗೆ ಹೆಣ್ಣು ಕೇಳುವಾಗ ಮಾತ್ರ ಗಂಡು ಕೈ ಮುಗಿಯಲೇಬೇಕು. ನಮ್ಮ ಯಜಮಾನರು ನನ್ನನ್ನು ಕೇಳಲು ಬಂದಾಗ ನಮ್ಮಪ್ಪ ಬೇಕೆಂದೇ ಊಟ ಮುಗಿಯುವವರೆಗೆ ಉತ್ತರ ಕೊಡಲಿಲ್ಲ. ನಮ್ಮಜ್ಜಿ ಇವರಿಗೆ ಚಮಚದಲ್ಲಿ ಪಾಯಸ ಕುಡಿಸಿದಳು. ಮೀಸೆಗೆ ಮೆತ್ತಿಕೊಂಡ ಶಾವಿಗೆಯನ್ನು ಒರೆಸಿಕೊಳ್ಳಲಾಗದೆ ಇವರು ಕಣ್ಣು ಕಣ್ಣು ಬಿಟ್ಟರು. ಆ ಮುಖ ನೋಡಿಯೇ ನಾನು ಒಪ್ಪಿದ್ದು. ಅಂಥ ಮುಖದವರು ಮುಂದೆ ರಾಜಕೀಯಕ್ಕೆ ಹೋಗುತ್ತಾರೆಂದು ಯಾರಿಗೆ ಗೊತ್ತಿತ್ತು?

ನಮ್ಮ ಹೋಟೆಲು ಇರುವುದು ಆಗಿನ ಶಾಸಕ ದೊಡ್ಡವೀರಪ್ಪನವರ ಮನೆಯ ಎದುರಿಗೆ. ಆ ಜಾಗ ಆರಿಸಿದ್ದು ನಮ್ಮ ಯಜಮಾನರ ಬುದ್ಧಿವಂತಿಕೆ, ಅದನ್ನು ಒಪ್ಪಲೇಬೇಕು. ದೊಡ್ಡವೀರಪ್ಪನವರಿಗೆ ಹುರಿದ ಕಡಲೆಕಾಯಿ ಅಂದರೆ ಪ್ರಾಣ. ಬೆಳಗ್ಗೆ ಜಗಲಿಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಾ ಜನರ ಅಹವಾಲು ಕೇಳುತ್ತಿದ್ದರು. ಕೇಳುವುದರಲ್ಲಿ ಅವರು ಯಾರಿಗೂ ಮೋಸ ಮಾಡಿದವರಲ್ಲ. ಪೂರ್ತಿ ಕೇಳಿ, ಬೀಜ ಬಾಯಿಗೆ ಹಾಕಿಕೊಂಡು, ಸಿಪ್ಪೆ ಊದಿ, "ನೋಡೋಣ" ಅನ್ನುತ್ತಿದ್ದರು. ಇಲ್ಲ ಅಂದರೆ ಒಂದು ಓಟು ಹೋಗುತ್ತದೆ. ಹೌದು ಅಂದರೆ ಕೆಲಸ ಮಾಡಬೇಕಾಗುತ್ತದೆ. ನೋಡೋಣ ಅಂದರೆ ಯಾವ ತೊಂದರೆಯೂ ಇಲ್ಲ. ಹೀಗೆ ಕೈ ಅಂಟಿಸಿಕೊಂಡ ಜನ ಜಗಲಿ ಇಳಿದು, ರಸ್ತೆ ದಾಟಿ, ನೇರ ನಮ್ಮಲ್ಲಿಗೆ ಬರುತ್ತಿದ್ದರು. ಹೊಟ್ಟೆ ಹಸಿದಿರುತ್ತಿತ್ತು, ತಿನ್ನಲು ಕೈ ಇರುತ್ತಿರಲಿಲ್ಲ.

ಅವರಿಗೆಂದೇ ನಮ್ಮಲ್ಲಿ ತುತ್ತೂಟ. ಗೋಡೆಯುದ್ದಕ್ಕೂ ಬೆಂಚು, ಎದುರಿಗೆ ಮಣೆ. ನಾನೂ ಇನ್ನಿಬ್ಬರು ಹೆಂಗಸರೂ ಮಣೆಯ ಮೇಲೆ ಕುಳಿತು ಒಬ್ಬೊಬ್ಬರಿಗೇ ಬಾಯಿಗೆ ಇಡುತ್ತಿದ್ದೆವು. ಒಬ್ಬ ನಿವೃತ್ತ ಮೇಷ್ಟ್ರು ಪಿಂಚಣಿ ಕೇಳಲು ಹೋಗಿ ಕೈ ಅಂಟಿಸಿಕೊಂಡಿದ್ದರು. ಪ್ರತಿ ತುತ್ತಿಗೂ "ತಗೊಳ್ಳಿ ಮೇಷ್ಟ್ರೇ" ಅನ್ನದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಮೂಗು ಕೆರೆಯುವುದು, ಬೆವರು ಒರೆಸುವುದು, ಜೇಬಿನಿಂದ ಬಸ್ ಚಾರ್ಜು ತೆಗೆದುಕೊಡುವುದು, ಇವೆಲ್ಲ ಊಟದ ಜೊತೆಗೇ ಸೇರಿದ್ದವು. ಬೆನ್ನು ಕೆರೆದುಕೊಳ್ಳಲು ಹಿತ್ತಿಲ ಬಾಗಿಲ ಹತ್ತಿರ ಒಂದು ಒರಟು ಕಲ್ಲು ನೆಟ್ಟಿದ್ದೆವು. ಯಜಮಾನರು ಗಲ್ಲಾದಲ್ಲಿ ಕುಳಿತು ಎಲ್ಲರ ಕಷ್ಟಕ್ಕೂ ಲೊಚಗುಟ್ಟುತ್ತಿದ್ದರು. ಎದುರು ಮನೆಯ ನೋಡೋಣದಿಂದಲೇ ನಮ್ಮ ಒಲೆ ಉರಿಯುತ್ತಿತ್ತು ಅನ್ನುವುದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಕೊಂಡವರಲ್ಲ.

ಹಾಗೆ ಬಂದವಳೇ ಆಚೆಕೇರಿಯ ಮುದ್ದಮ್ಮ. ಆಚೆಕೇರಿ ಹಳ್ಳದ ಆ ಕಡೆ ಇದೆ. ಮುದ್ದಮ್ಮ ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುವವಳು. ನಮ್ಮ ಹೋಟೆಲಿಗೆ ಎಲೆ ಕೊಡುತ್ತಿದ್ದವಳೂ ಅವಳೇ. ಮುಂಚೆ ಆಚೆಕೇರಿಗೆ ಸರ್ಕಾರಿ ಬಸ್ಸು ಬರುತ್ತಿತ್ತು. ದೊಡ್ಡವೀರಪ್ಪನವರ ಬಾಮೈದ ಲೋಕಪ್ಪ ಒಂದು ಟೆಂಪೋ ಕೊಂಡ ಮೇಲೆ ಆ ಬಸ್ಸಿಗೆ ಏನೋ ಕಾಯಿಲೆ ಬಂದು ನಿಂತುಹೋಯಿತು. ಟೆಂಪೋದಲ್ಲಿ ಎಲೆಯ ಕಟ್ಟು ಹೇರಿಸುವುದಿಲ್ಲ, ಒಳಗೆ ಕೂತವರಿಗೆ ಚುಚ್ಚುತ್ತದಂತೆ. ಬಸ್ಸು ಮತ್ತೆ ಬರಲಿ ಎಂದು ಮುದ್ದಮ್ಮ ಜಗಲಿಯ ಮುಂದೆ ಕೈ ಮುಗಿದಳು. ದೊಡ್ಡವೀರಪ್ಪನವರು ಸಿಪ್ಪೆ ಊದಿದರು.

ಬೇರೆಯವರ ಕೈ ಅಂಟಿದರೆ ನಮಗೆ ಒಂದು ಊಟ ಹೆಚ್ಚು ಹೋಗುತ್ತಿತ್ತು. ಮುದ್ದಮ್ಮನ ಕೈ ಅಂಟಿದ ಮೇಲೆ ನಮ್ಮ ಹೋಟೆಲಿನಲ್ಲೇ ಎಲೆ ಇಲ್ಲದಂತಾಯಿತು. ಅವಳಂತೂ ದಿನಾ ಹಳ್ಳ ದಾಟಿ ನಡೆದು ಬಂದು ಜಗಲಿಯ ಮುಂದೆ ನಿಲ್ಲುತ್ತಿದ್ದಳು. ಮಧ್ಯಾಹ್ನ ನನ್ನ ಎದುರು ಕುಳಿತು ಬಾಯಿ ತೆರೆಯುತ್ತಿದ್ದಳು. ಅವಳ ಬೆರಳ ತುದಿಗಳೆಲ್ಲ ಕಡ್ಡಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ್ದವು. ಕೆಲಸವಿಲ್ಲದೆ ಆ ದಡ್ಡು ಮೆತ್ತಗಾಗುತ್ತಾ ಬಂತು.

"ಇಲ್ಲ ಅಂತ್ಲಾದ್ರೂ ಅನ್ಬುಡ್ಲಿ ಕನವ್ವ," ಅನ್ನುತ್ತಿದ್ದಳು. "ಬಸ್ಸು ಮನೆ ಹಾಳಾಗೋಗ್ಲಿ. ನನ್ ಕೈ ನಂಗೆ ಬಂದ್ರೆ ಸಾಕು."

ಒಂದು ದಿನ ನಾನೇ ಯಜಮಾನರನ್ನು ತಿವಿದು ಎದುರು ಮನೆಗೆ ಕಳಿಸಿದೆ. ಅವರು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, "ಸ್ವಾಮಿ, ಆಯಮ್ಮಂಗೆ ಇಲ್ಲ ಅಂತಾದ್ರೂ ಹೇಳ್ಬಿಡಿ. ಪಾಪ, ಕೈ ಕೆಲಸದವಳು" ಅಂದರಂತೆ. ದೊಡ್ಡವೀರಪ್ಪನವರು ಮುಖ ಎತ್ತದೆ, "ನೋಡೋಣ" ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತಿಗೂ ಅವರೇ ಶಾಸಕರಾಗಿರುತ್ತಿದ್ದರೇನೋ. "ಬೋಂಡ ಕರಿಯೋನಿಗೆ ಇದೆಲ್ಲ ಯಾಕಪ್ಪ ಗುರುಮಲ್ಲು? ಹೋಗು, ಎಣ್ಣೆ ಕಾದಿರುತ್ತೆ" ಅಂತಲೂ ಸೇರಿಸಿದರು. ಜಗಲಿಯ ಮೇಲಿದ್ದವರೆಲ್ಲ ನಕ್ಕರು.

ಯಜಮಾನರು ಕೆಂಪಗಾಗಿ ವಾಪಸ್ ಬಂದು ಗಲ್ಲಾದ ಮೇಲೆ ಗುದ್ದಿದರು. "ಚಿಕ್ಕತಾಯಿ, ನಾನು ಎಲೆಕ್ಷನ್‌ಗೆ ನಿಲ್ತೀನಿ" ಅಂದರು. ಮುದ್ದಮ್ಮನ ಕೈ ನೋಡಲಾರದೆ ರಾಜಕೀಯಕ್ಕೆ ಬಂದೆ ಎಂದು ಅವರು ಈಗ ಭಾಷಣದಲ್ಲಿ ಹೇಳುತ್ತಾರೆ. ಬೋಂಡದ ಮಾತು ಭಾಷಣದಲ್ಲಿ ಬರುವುದಿಲ್ಲ. ಆದರೆ ಅವತ್ತು ಊಟಕ್ಕೆ ಕುಳಿತಾಗ ಅವರು ಮತ್ತೆ ಮತ್ತೆ ಗೊಣಗಿಕೊಂಡದ್ದು ಬೋಂಡದ ಬಗ್ಗೆಯೇ.

ಪಕ್ಷೇತರರಾಗಿ ನಿಂತರು. ಹಲ್ಲುಜ್ಜುವ ಬ್ರಷ್ಷಿನ ಗುರುತು ಸಿಕ್ಕಿತು. ಕ್ಷೇತ್ರದ ಅರ್ಧ ಜನ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುವವರು, ಇದೇನು ಅಂತ ಅವರಿಗೆ ಬಾಯಿ ತೆರೆದು ತೋರಿಸಬೇಕಾಯಿತು. ಘೋಷಣೆ ಮಾತ್ರ ಚೆನ್ನಾಗಿತ್ತು, ಏಕೆಂದರೆ ಅದು ನನ್ನದು: ನಿಮ್ಮ ಗುರುಮಲ್ಲಪ್ಪ, ಹೌದೋ ಇಲ್ಲವೋ ನಿಂತಲ್ಲೇ ಹೇಳ್ತಾನಪ್ಪ. ಮುದ್ದಮ್ಮನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಅವಳ ಅಂಟಿದ ಕೈ ತೋರಿಸಿ, "ನೋಡಿ, ನೋಡೋಣ ಅಂದಿದ್ದಕ್ಕೆ ಏನಾಗಿದೆ ನೋಡಿ" ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಎಷ್ಟೋ ಹಳ್ಳಿಗಳಲ್ಲಿ ಜನ ಅವಳನ್ನೇ ಅಭ್ಯರ್ಥಿ ಅಂದುಕೊಂಡು ಹಾರ ಹಾಕಿದರು. ಯಜಮಾನರು ಆ ಹಾರವನ್ನು ಮೆಲ್ಲಗೆ ತೆಗೆದು ತಮ್ಮ ಕೊರಳಿಗೆ ಹಾಕಿಕೊಳ್ಳುತ್ತಿದ್ದರು.

ಮೊದಮೊದಲು ಅವರು ಗದ್ದ ಎತ್ತಿ ಓಟು ಕೇಳುತ್ತಿದ್ದರು. ಅದು ನಡೆಯಲಿಲ್ಲ. ನಮ್ಮ ಜನ ಬಾಕಿ ದಿನಗಳಲ್ಲಿ ತಾವು ಕೈ ಮುಗಿದು ಸವೆಯುವವರು. ಚುನಾವಣೆಯಲ್ಲಿ ಒಂದು ಸಲವಾದರೂ ಬೇರೆಯವರು ತಮ್ಮ ಮುಂದೆ ಮುಗಿಯಲಿ ಎಂದು ಕಾಯುತ್ತಿರುತ್ತಾರೆ. "ಕೈ ಮುಗೀದೆ ಓಟು ಕೇಳೋಕೆ ಬಂದವ್ನೆ, ದೊಡ್ಡ ಮನುಷ್ಯ" ಎಂದು ಒಬ್ಬ ಅಜ್ಜ ಜೀಪಿನ ಮುಂದೆಯೇ ಉಗಿದ. ದೊಡ್ಡವೀರಪ್ಪನವರಾದರೋ ಬಡಗಿಯ ಹತ್ತಿರ ಒಂದು ಜೊತೆ ಮರದ ಕೈ ಮಾಡಿಸಿ, ಉಂಗುರ ತೊಡಿಸಿ, ಎದೆಗೆ ಕಟ್ಟಿಕೊಂಡು ಓಡಾಡುತ್ತಿದ್ದರು. ದೂರದಿಂದ ನೋಡಿದರೆ ಪಾಪ ಎಷ್ಟು ವಿನಯ ಅನ್ನಬೇಕು, ಹಾಗಿತ್ತು. ಶಲ್ಯದ ಒಳಗೆ ಅವರ ನಿಜವಾದ ಕೈ ಕಡಲೆಕಾಯಿ ಸುಲಿಯುತ್ತಿತ್ತು.

ಕೊನೆಗೆ ಸಂತೆಮೈದಾನದಲ್ಲಿ, ಅಷ್ಟು ಜನರ ಎದುರು, ನಮ್ಮ ಯಜಮಾನರು ನಿಜವಾದ ಕೈಗಳನ್ನೇ ಎತ್ತಿ ಮುಗಿದರು. "ನಿಮ್ಮ ಓಟು ನನಗೆ ಕೊಡಿ" ಅಂದರು. ಆಮೇಲೆ ಹಿಂದುಗಡೆಯಿಂದ ಯಾರೋ ಖುಷಿಯಿಂದ, "ನೋಡೋಣ ಬುಡಪ್ಪ!" ಅಂದರು. ಆಮೇಲೆ ಎಲ್ಲರೂ ಅಂದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಅಂದರು. ಎಷ್ಟೋ ವರ್ಷಗಳಿಂದ ಕೇಳಿಸಿಕೊಂಡ ಮಾತನ್ನು ಒಂದು ಸಲ ಆಡಿ ನೋಡುವ ಸುಖ ಅದು. ಮೇಷ್ಟ್ರಂತೂ ತಮ್ಮ ಅಂಟಿದ ಕೈ ಮೇಲಕ್ಕೆತ್ತಿ, ಅಚ್ಚುಕಟ್ಟಾಗಿ, "ನೋಡೋಣ" ಅಂದರು. ನಮ್ಮ ಯಜಮಾನರ ಕೈ ಅಂಟಿತು.

ಅಲ್ಲಿಂದ ಎಣಿಕೆಯ ದಿನದವರೆಗೆ ಅವರ ಚಾಕರಿ ನನ್ನ ಪಾಲಿಗೆ ಬಂತು. ಹೋಟೆಲನ್ನು ಹೆಂಗಸರ ಕೈಗೆ ಬಿಟ್ಟು ನಾನೂ ಜೀಪು ಹತ್ತಿದೆ. ಹಿಂದಿನ ಸೀಟಿನಲ್ಲಿ ಕುಳಿತು ಒಂದು ತುತ್ತು ಮುದ್ದಮ್ಮನಿಗೆ, ಒಂದು ತುತ್ತು ಇವರಿಗೆ. ಮೀಸೆ ತಿರುವಬೇಕಾದರೂ ನಾನೇ ತಿರುವಬೇಕು. ಭಾಷಣದ ನಡುವೆ ಮೂಗು ಕೆರೆತ ಬಂದರೆ ಇವರು, "ಮಹಾಜನಗಳೇ, ಒಂದ್ ನಿಮಿಷ" ಎಂದು ನನ್ನ ಕಡೆ ಮುಖ ತಿರುಗಿಸುತ್ತಿದ್ದರು. ಜನಕ್ಕೆ ಅದು ಹಿಡಿಸಿತು. "ಪಾಪ, ನಮ್ಮಂಗೇ ಒದ್ದಾಡ್ತಾವ್ನೆ" ಅಂದರು. ಅವರ ಭಾಷಣಕ್ಕೆ ಬೀಳದ ಓಟು ಅವರ ಮೂಗಿಗೆ ಬಿತ್ತು.

ಒಂದು ಮಧ್ಯಾಹ್ನ ಹುಣಸೆಮರದ ಕೆಳಗೆ ಜೀಪು ನಿಲ್ಲಿಸಿದಾಗ ಅವರು ಮುದ್ದಮ್ಮನ ಕೈಯನ್ನೂ ತಮ್ಮ ಕೈಯನ್ನೂ ಬದಲಿಸಿ ಬದಲಿಸಿ ನೋಡಿದರು. "ಮುದ್ದಮ್ಮ, ಇಷ್ಟು ಕಷ್ಟ ಅಂತ ನಂಗೆ ಗೊತ್ತಿರ್ಲಿಲ್ಲ. ಗೆದ್ದ ದಿನವೇ ನಿಂಗೆ ಉತ್ತರ ಹೇಳ್ತೀನಿ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಾನೇ ಸೆರಗಿನಲ್ಲಿ ಒರೆಸಿದೆ. ನಟನೆಯಾಗಿರಲಿಲ್ಲ ಅದು. ಅವತ್ತು ನನಗೆ ನನ್ನ ಗಂಡನ ಮೇಲೆ ನಿಜವಾಗಿಯೂ ಹೆಮ್ಮೆಯಾಯಿತು.

ಗೆದ್ದರು. ಕೂದಲೆಳೆಯಲ್ಲಿ ಗೆದ್ದರು. ಎಣಿಕೆಯ ಕೊಠಡಿಯಿಂದ ಹೆಸರು ಕೂಗಿದ ಕ್ಷಣ ಅವರ ಕೈಗಳು ಟಪ್ಪನೆ ಬಿಟ್ಟುಕೊಂಡವು. ಮೊದಲು ಏನು ಮಾಡುತ್ತಾರೋ ಎಂದು ಎಲ್ಲರೂ ನೋಡುತ್ತಿದ್ದರು. ಅವರು ತಮ್ಮ ಮೀಸೆಯನ್ನು ತಾವೇ ತಿರುವಿಕೊಂಡರು. ದೊಡ್ಡವೀರಪ್ಪನವರು ಮರದ ಕೈಗಳನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಊರು ಬಿಟ್ಟರು. ಹಾರ ಹಿಡಿದು ಮೊದಲು ಓಡಿಬಂದವನು ಯಾರು ಅಂದುಕೊಂಡಿರಿ? ಟೆಂಪೋ ಲೋಕಪ್ಪ. "ಗುರುಮಲ್ಲಣ್ಣ, ನಾನು ಒಳಗೊಳಗೇ ನಿಮ್ಮ ಪರ ಇದ್ದೆ" ಅಂದ. ಅವನ ಹಿಂದೆ ಅವನ ಟೆಂಪೋ ಇತ್ತು, ಅದರ ಗಾಜಿಗೆ ನಮ್ಮ ಬ್ರಷ್ಷಿನ ಚಿತ್ರ ಆಗಲೇ ಅಂಟಿತ್ತು. ಮೆರವಣಿಗೆ ಹೊರಟಿದ್ದು ಆ ಟೆಂಪೋದ ಮೇಲೆಯೇ. ಮುದ್ದಮ್ಮ ಅದರ ಹಿಂದೆ ನಡೆದು ಬಂದಳು.

ಶಾಸಕರ ಮುಂದೆ ಇಟ್ಟ ಅಹವಾಲು ಶಾಸಕರು ಬದಲಾದರೆ ಹೊಸಬರಿಗೆ ಸೇರುತ್ತದೆ, ಅದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಮಾರನೆಯ ಬೆಳಗ್ಗೆ ದೊಡ್ಡವೀರಪ್ಪನವರ ಮನೆಯನ್ನೇ ಬಾಡಿಗೆಗೆ ಹಿಡಿದು ಅದೇ ಜಗಲಿಯ ಮೇಲೆ ಇವರು ಕುಳಿತರು. ಹೊಸ ಬಿಳಿ ಅಂಗಿ, ಪಕ್ಕದಲ್ಲಿ ಲೋಕಪ್ಪ. ಕೈ ಅಂಟಿದವರೆಲ್ಲ ಅಂಗಳ ತುಂಬಿದ್ದರು. ನಾನು ಹೋಟೆಲಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮುದ್ದಮ್ಮ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.

"ಹೇಳಪ್ಪ ಈಗ," ಅಂದಳು.

ಇವರು ಬಾಯಿ ತೆರೆದರು. ಲೋಕಪ್ಪ ಕಿವಿಯಲ್ಲಿ ಏನೋ ಅಂದ. ಇವರು ಬಾಯಿ ಮುಚ್ಚಿದರು.

"ಇಲ್ಲ ಅಂದ್ರೂ ಅನ್ಬುಡು ಕನಪ್ಪ," ಅಂದಳು ಮುದ್ದಮ್ಮ. "ನಾ ಬೇಜಾರು ಮಾಡ್ಕಳಕಿಲ್ಲ. ಎಲೆ ಹಚ್ಕಂಡು ಬದುಕ್ತೀನಿ."

"ಛೆ ಛೆ, ಮೊದಲನೇ ದಿನವೇ ಇಲ್ಲ ಅನ್ನೋಕಾಗುತ್ತಾ ಮುದ್ದಮ್ಮ? ಅಪಶಕುನ. ಬಸ್ಸು ಅಂದ್ರೆ ಹುಡುಗಾಟವಾ? ಮೇಲೆ ಮಾತಾಡ್ಬೇಕು, ನಾಲ್ಕು ಜನರ ಅಭಿಪ್ರಾಯ ತಗೋಬೇಕು." ಅಷ್ಟು ಹೇಳಿ ಅವರ ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಅಲ್ಲೊಂದು ತಟ್ಟೆ ಇತ್ತು. ತಟ್ಟೆಯಲ್ಲಿ ಹುರಿದ ಕಡಲೆಕಾಯಿ. ಹಳೆಯ ಶಾಸಕರ ಮನೆಯಾಳು ಅಭ್ಯಾಸಬಲದಿಂದ ಇಟ್ಟಿದ್ದನೋ, ಲೋಕಪ್ಪನೇ ಇಡಿಸಿದ್ದನೋ ಗೊತ್ತಿಲ್ಲ. ನನ್ನ ಗಂಡ ಒಂದು ಕಾಯಿ ಸುಲಿದು, ಬೀಜ ಬಾಯಿಗೆ ಹಾಕಿಕೊಂಡು, ಸಿಪ್ಪೆ ಊದಿದರು.

"ನೋಡೋಣ," ಅಂದರು.

ನನಗೆ ಮೈಯೆಲ್ಲ ಉರಿಯಿತು. ಹುಣಸೆಮರದ ಕೆಳಗೆ ಒರೆಸಿದ ಕಣ್ಣೀರು ನೆನಪಾಗಿ ಇನ್ನಷ್ಟು ಉರಿಯಿತು. ಅಂಗಳದಲ್ಲಿದ್ದವರು ಒಬ್ಬೊಬ್ಬರೇ ತಮ್ಮ ಅಹವಾಲು ಹೇಳಿ, ಒಬ್ಬೊಬ್ಬರೇ ನೋಡೋಣ ಅನ್ನಿಸಿಕೊಂಡು, ಸಾಲಾಗಿ ರಸ್ತೆ ದಾಟಿ ನಮ್ಮ ಬೆಂಚಿನ ಮೇಲೆ ಬಂದು ಕುಳಿತರು. ಅವತ್ತು ಮಧ್ಯಾಹ್ನ ನಮಗೆ ಬೆಂಚು ಸಾಲಲಿಲ್ಲ. ಮುದ್ದಮ್ಮ ಕಂಬಕ್ಕೆ ಒರಗಿ ಕುಳಿತಳು. ತುತ್ತು ಇಟ್ಟರೆ ಬಾಯಿ ತೆರೆಯಲಿಲ್ಲ.

ಸಂಜೆ ಯಜಮಾನರು ಉಬ್ಬಿಕೊಂಡು ಬಂದರು. "ನೋಡಿದ್ಯೇನೇ ಜನ ಹೆಂಗೆ ಬಂದಿದ್ರು? ಎಷ್ಟು ವ್ಯಾಪಾರ ಆಯ್ತು? ಪಕ್ಕದ ಮಳಿಗೆನೂ ತಗೊಂಡ್ಬಿಡೋಣ. 'ಶಾಸಕರ ಹೋಟೆಲ್' ಅಂತ ಹೊಸ ಬೋರ್ಡು ಬರೆಸೋಣ" ಅಂದರು.

"ರೀ, ಮುದ್ದಮ್ಮಂಗೆ ಮಾತು ಕೊಟ್ಟಿದ್ರಿ," ಅಂದೆ.

"ನಿಂಗೆ ರಾಜಕೀಯ ತಿಳಿಯೋದಿಲ್ಲ ಬಿಡು. ಲೋಕಪ್ಪ ಈಗ ನಮ್ಮವನು. ಅವನ ಟೆಂಪೋಗೆ ಕಲ್ಲು ಹಾಕೋಕಾಗುತ್ತಾ? ಆಚೆಕೇರಿ ಓಟೂ ಬೇಕು, ಲೋಕಪ್ಪನೂ ಬೇಕು."

"ಹಾಗಾದ್ರೆ ಇಲ್ಲ ಅಂತ ಹೇಳಿ. ಅವಳ ಕೈನಾದ್ರೂ ಬಿಡ್ಲಿ."

"ಇಲ್ಲ ಅಂದ್ರೆ ಆಚೆಕೇರಿ ಪೂರ್ತಿ ಕೈತಪ್ಪುತ್ತೆ ಕಣೇ. ಸುಮ್ನಿರು, ನೋಡೋಣ."

ಆ ಮಾತನ್ನು ನನ್ನ ಮನೆಯೊಳಗೆ, ನನ್ನ ಮುಖದ ಮುಂದೆ ಆಡಿದರು.

ಬೆಳಗ್ಗೆ ಎದ್ದು ನಾನು ಒಲೆ ಹಚ್ಚಲಿಲ್ಲ. ಜೊತೆಯ ಹೆಂಗಸರಿಬ್ಬರಿಗೆ ರಜೆ ಕೊಟ್ಟು ಕಳಿಸಿದೆ. ಮುದ್ದಮ್ಮ ಹಳ್ಳ ದಾಟಿ ಬರುವವರೆಗೆ ಕಾದು, ಅವಳ ಜೊತೆ ರಸ್ತೆ ದಾಟಿ, ಜಗಲಿಯ ಮುಂದೆ ನಿಂತೆ. ಇವರು ನನ್ನನ್ನು ನೋಡಿ, "ಏನೇ, ಕಾಫಿ ತಂದ್ಯಾ?" ಅಂದರು. ನಾನು ಎರಡೂ ಕೈ ಜೋಡಿಸಿದೆ. ಮದುವೆಯಾದ ಮೇಲೆ ಅವರ ಮುಂದೆ ನಾನು ಕೈ ಮುಗಿದದ್ದು ಅದೇ ಮೊದಲು.

"ಶಾಸಕರೇ, ಆಚೆಕೇರಿಗೆ ಬಸ್ಸು ಬಿಡಿಸಿ," ಅಂದೆ.

ಅವರ ಮುಖ ನೋಡಬೇಕಿತ್ತು. ಮೀಸೆಯಲ್ಲಿ ಶಾವಿಗೆ ಮೆತ್ತಿಕೊಂಡ ದಿನದ ಮುಖ. ನೋಡೋಣ ಅಂದರೆ ಮನೆಯಲ್ಲಿ ಅಡುಗೆ ಇಲ್ಲ, ಹೋಟೆಲಿನಲ್ಲಿ ಊಟ ಇಲ್ಲ, ಅಂಗಳದ ಅಷ್ಟೂ ಜನ ಹಸಿದುಕೊಂಡು ಅವರ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಇಲ್ಲ ಅನ್ನೋಣವೆಂದರೆ ಆಚೆಕೇರಿಯ ಜನ ಆಗಲೇ ಬೇಲಿಯ ಹತ್ತಿರ ಬಂದು ನಿಂತಿದ್ದರು. ಇವರು ಬೇಗಬೇಗನೆ, "ಹೌದು, ಹೌದು, ಬಿಡಿಸ್ತೀನಿ, ಹೋಗು ಕಾಫಿ ಮಾಡು" ಅಂದರು.

ನಮ್ಮ ಕೈಗಳು ಅಲ್ಲಾಡಲಿಲ್ಲ. ಅಂಗಳದಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಯಾರೋ ಕಿಸಕ್ಕೆಂದರು.

"ಹೌದು ಅಂದ್ನಲ್ಲ!" ಎಂದು ಕೂಗಿದರು.

"ಇನ್ನೊಂದ್ಸಲ ಅನ್ನಪ್ಪ, ನಿಧಾನವಾಗಿ," ಅಂದಳು ಮುದ್ದಮ್ಮ.

ಅವರು ನಿಧಾನವಾಗಿ ಅಂದರು. ಗಂಟಲು ಸರಿಮಾಡಿಕೊಂಡು ಅಂದರು. ಕಣ್ಣು ಮುಚ್ಚಿ ಕುಲದೇವರನ್ನು ನೆನೆದು ಅಂದರು. ಮೈಕು ತರಿಸಿ ಅಂದರು. ಪ್ರತಿ ಸಲವೂ ಅಂಗಳ ಇಣುಕಿ ನಮ್ಮ ಕೈ ನೋಡುತ್ತಿತ್ತು, ನಮ್ಮ ಕೈ ಹಾಗೇ ಇರುತ್ತಿತ್ತು. ಶಾಸಕರ ಹೌದು ಎಷ್ಟು ಪೊಳ್ಳು ಅನ್ನುವುದು ಯಾವ ವಿರೋಧ ಪಕ್ಷದ ಸಹಾಯವೂ ಇಲ್ಲದೆ ಊರಿಗೆಲ್ಲ ಗೊತ್ತಾಯಿತು. ಮೇಷ್ಟ್ರು ಮಾತ್ರ, "ಉಚ್ಚಾರ ಸರಿಯಾಗಿದೆ, ಭಾವ ಸಾಲದು" ಅಂದರು.

ಬಿಸಿಲೇರಿತು. ಎಲ್ಲರ ಹೊಟ್ಟೆ ಚುರುಗುಟ್ಟತೊಡಗಿತು, ಶಾಸಕರದ್ದೂ. ಕಡಲೆಕಾಯಿ ಖಾಲಿಯಾಯಿತು. ಮನೆಯಾಳು ಮೈಕು ತಂದಿಟ್ಟು ಜಾರಿಕೊಂಡಿದ್ದ. ಆ ಅಂಗಳದಲ್ಲಿ ಲೋಕಪ್ಪನನ್ನು ಬಿಟ್ಟರೆ ಬಿಡುವಿರುವ ಕೈ ಇದ್ದದ್ದು ನಮ್ಮ ಯಜಮಾನರಿಗೆ ಒಬ್ಬರಿಗೇ. ಲೋಕಪ್ಪ ತನಗೆ ನೀರು ಕಾಯ್ಸೋಕೂ ಬರಲ್ಲ ಅಂದ. ಕೊನೆಗೆ ಇವರು ಹೊಸ ಅಂಗಿಯ ತೋಳು ಮಡಿಚಿ, ಏನೋ ಗೊಣಗುತ್ತಾ, ರಸ್ತೆ ದಾಟಿ ಹೋಟೆಲಿನ ಒಳಗೆ ಹೋದರು. ನಾವೆಲ್ಲ ಹಿಂದೆಯೇ ಹೋಗಿ ಬೆಂಚಿನ ಮೇಲೂ ನೆಲದ ಮೇಲೂ ಕುಳಿತೆವು. ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಹೊಗೆ, ಕೆಮ್ಮು ಬಂದವು. ಒಂದು ಕಾಲಕ್ಕೆ ಅವರ ಕೈ ಅಡುಗೆ ಚೆನ್ನಾಗಿಯೇ ಇತ್ತು. ಗಲ್ಲಾದಲ್ಲಿ ಕುಳಿತು ಕುಳಿತು ಮರೆತುಹೋಗಿತ್ತು. ಬಹಳ ಹೊತ್ತಾದ ಮೇಲೆ ಒಂದು ಬಾಣಲೆ ಉಪ್ಪಿಟ್ಟು ಹಿಡಿದು ಬಂದರು. ಅದು ಗಂಟುಗಂಟಾಗಿತ್ತು, ಉಪ್ಪು ಬಿದ್ದಿರಲಿಲ್ಲ.

ಮೊದಲಿಗೆ ಕುಳಿತಿದ್ದವಳು ಮುದ್ದಮ್ಮ. ಅವರು ಅವಳ ಎದುರಿನ ಮಣೆಯ ಮೇಲೆ ಕುಳಿತು ಒಂದು ತುತ್ತು ಎತ್ತಿದರು. "ದೊಡ್ದಾಯ್ತು ಕನಪ್ಪ," ಅಂದಳು. ಚಿಕ್ಕದು ಮಾಡಿದರು. "ಬಿಸಿ," ಅಂದಳು. ಊದಿದರು. ಇನ್ನೊಬ್ಬರ ಬಾಯಿಗೆ ತುತ್ತು ಇಡಬೇಕಾದರೆ ಹತ್ತಿರ ಕೂರಬೇಕು, ಮುಖ ನೋಡಬೇಕು, ಅವರು ನುಂಗುವವರೆಗೆ ಕಾಯಬೇಕು. ಬೇರೆ ಕಡೆ ನೋಡುತ್ತಾ ಮಾಡುವ ಕೆಲಸವಲ್ಲ ಅದು. ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ, ಅವರು ಗಲ್ಲಾದಿಂದ ನೋಡಿದ್ದರು ಅಷ್ಟೇ. ನಾಲ್ಕೈದು ತುತ್ತು ಆಗುವಷ್ಟರಲ್ಲಿ ಅವರ ಗೊಣಗಾಟ ನಿಂತಿತು.

"ಮುಂಚೆ ಬಸ್ಸು ಎಲ್ಲಿ ತಿರುಗಿಸ್ತಿದ್ರು ಮುದ್ದಮ್ಮ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಯಾವ ಶಾಸಕರೂ ಅವಳಿಗೆ ಕೇಳಿರಲಿಲ್ಲ.

"ಅಳ್ಳೀಕಟ್ಟೆ ತಾವ ಕನಪ್ಪ. ಈಗ ಅಲ್ಲಿ ಲೋಕಪ್ಪ ಟೆಂಪೋ ನಿಲ್ಲಿಸ್ಕತಾನೆ."

ಲೋಕಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. ಯಜಮಾನರು ಅವನನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಉಪ್ಪಿಟ್ಟಿನ ಗಂಟನ್ನು ನೋಡಿದರು, ಮುದ್ದಮ್ಮನ ತೆರೆದ ಬಾಯಿ ನೋಡಿದರು.

"ಲೋಕಪ್ಪ, ನಾಳೆಯಿಂದ ಟೆಂಪೋ ಬೇರೆ ಕಡೆ ನಿಲ್ಲಿಸ್ಕೋ," ಅಂದರು. ಆಮೇಲೆ ತುತ್ತು ಇಡುತ್ತಾ, ಮೆಲ್ಲಗೆ, ಮೈಕಿಲ್ಲದೆ ಅಂದರು: "ಹೌದು ಮುದ್ದಮ್ಮ. ಬಸ್ಸು ಬಿಡಿಸ್ತೀನಿ."

ನನ್ನ ಕೈ ಸಡಿಲವಾಯಿತು. ಹೆಬ್ಬೆರಳು ಬಿಟ್ಟಿತು, ಅಂಗೈ ಬಿಟ್ಟಿತು, ಒಂದೊಂದೇ ಬೆರಳು ಬಿಡುತ್ತಾ ಬಂತು. ಮುದ್ದಮ್ಮ ಹೋ ಎಂದು ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಮೂಗನ್ನು ತಾನೇ ಕೆರೆದುಕೊಂಡು, "ಅಯ್ಯಪ್ಪ, ಸಿವ್ನೇ" ಎಂದು ಸುಖವಾಗಿ ನಿಟ್ಟುಸಿರು ಬಿಟ್ಟಳು. ಬೆಂಚಿನವರೆಲ್ಲ ಕೂಗಿದರು. ನಾನಂತೂ ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ. ಆಮೇಲೆ ನೋಡುತ್ತೇವೆ, ನಮ್ಮಿಬ್ಬರಿಗೂ ಎರಡು ಕಿರುಬೆರಳು ಮಾತ್ರ ಇನ್ನೂ ಅಂಟಿಕೊಂಡೇ ಇವೆ.

"ಇಷ್ಟು ದೊಡ್ಡ ಹೌದಿನಲ್ಲಿ ಕಿರುಬೆರಳಷ್ಟು ಸುಳ್ಳು ಎಲ್ಲಿ ಇಟ್ಕೊಂಡಿದ್ದೀರಿ?" ಎಂದು ಅವರನ್ನು ಕೇಳಿದೆ.

"ನೋ..." ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡರು.

ಎಲ್ಲಿ ಇಟ್ಟುಕೊಂಡಿದ್ದರು ಅನ್ನುವುದು ಆಮೇಲೆ ತಿಳಿಯಿತು. ಬಸ್ಸು ಬಂತು. ಬ್ಯಾಂಡು ಬಾರಿಸಿ, ತೆಂಗಿನಕಾಯಿ ಒಡೆದು, ಇವರೇ ಹಸಿರು ಬಾವುಟ ತೋರಿಸಿದರು. ಆದರೆ ಅದು ಹಳ್ಳದ ಈಚೆ ದಡದವರೆಗೆ ಮಾತ್ರ ಬರುತ್ತದೆ. ಆಚೆ ದಡದಲ್ಲಿ, ಅರಳಿಕಟ್ಟೆಯಿಂದ ಸ್ವಲ್ಪ ಸರಿದು, ಲೋಕಪ್ಪನ ಟೆಂಪೋ ಹಾಗೇ ನಿಂತಿದೆ. ಮುದ್ದಮ್ಮ ಎಲೆಯ ಕಟ್ಟು ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟಿ ಬಂದು ಬಸ್ಸು ಹತ್ತುತ್ತಾಳೆ. ಉಳಿದ ಬೆರಳುಗಳಲ್ಲೇ ಎಲೆ ಹಚ್ಚುತ್ತಾಳೆ, ನಾನು ಉಳಿದ ಬೆರಳುಗಳಲ್ಲೇ ದೋಸೆ ಮಗುಚುತ್ತೇನೆ. ಜಗಲಿಯ ಮುಂದೆ ಹೋಗುವಾಗಲೆಲ್ಲ ಅವಳು ಆ ಜೋಡಿ ಕಿರುಬೆರಳನ್ನು ಎತ್ತಿ ಇವರಿಗೆ ತೋರಿಸುತ್ತಾಳೆ. ಇವರು ಆಕಾಶ ನೋಡುತ್ತಾರೆ. ಉಳಿದವರ ಅಹವಾಲುಗಳಿಗೆ ಈಗ ಆಗಾಗ ಒಂದು ಇಲ್ಲವೋ ಹೌದೋ ಬೀಳುತ್ತದೆ. ಮೇಷ್ಟ್ರಿಗೆ ಮೊನ್ನೆ ಸ್ಪಷ್ಟವಾಗಿ ಇಲ್ಲ ಸಿಕ್ಕಿತು, ಊರಿಗೆಲ್ಲ ಮಿಠಾಯಿ ಹಂಚಿದರು.

ಹೋದ ವಾರ ಯಜಮಾನರು ಮುಂದಿನ ಚುನಾವಣೆಯ ಮಾತು ಎತ್ತಿದರು. ಊಟಕ್ಕೆ ಕುಳಿತಿದ್ದರು, ಒಳ್ಳೆಯ ಮೂಡಿನಲ್ಲಿದ್ದರು. ತಮಾಷೆಗೆ ಎರಡೂ ಕೈ ಜೋಡಿಸಿ, "ಮಹಾತಾಯಿ, ಈ ಸಲವೂ ನಿನ್ನ ಓಟು ನನಗೇ ಕೊಡು" ಅಂದರು. ನಾನು ಸಾರಿನ ಸೌಟು ಕೆಳಗಿಟ್ಟು, ನನ್ನ ಕಿರುಬೆರಳುಗಳನ್ನು ಅವರ ಮೂಗಿನ ಹತ್ತಿರ ಹಿಡಿದು, "ನೋಡೋಣ" ಅಂದೆ.

ಸದಾ ಕೈ ಮುಗಿದೇ ಇರುವ ವಿನಯವಂತ ಶಾಸಕ ಎಂದು ಪೇಪರಿನವರು ಅವರ ಫೋಟೋ ಹಾಕಿ ಬರೆದಿದ್ದಾರೆ. ಬಸ್ಸು ಹಳ್ಳ ದಾಟುವ ದಿನ ಅವರಿಗೆ ಉತ್ತರ ಹೇಳುತ್ತೇನೆ. ಅಲ್ಲಿಯವರೆಗೆ ದಿನಾ ಅವರಿಗೆ ತುತ್ತು ಮಾಡಿ ತಿನ್ನಿಸುತ್ತಿರುವುದು ಉಪ್ಪಿಲ್ಲದ ಉಪ್ಪಿಟ್ಟು.